ಒಂದೂವರೆ ಮೀಟರಿನ ಅಧ್ಯಾಯ

ನಮ್ಮ ಸಂಶೋಧನಾ ಮಂಡಳಿಯಲ್ಲಿ ಮೊದಲು ಇದ್ದವರು ಇಬ್ಬರು: ಸೋಲಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಕಾಕಾ, ಅಕ್ಕಲಕೋಟದ ಕನ್ನಡ ಶಾಲೆಯ ಮಾಸ್ತರರು. ಮಾಸ್ತರರು ತೀರಿಕೊಂಡ ಮೇಲೆ ತೆರವಾದ ಸ್ಥಾನಕ್ಕೆ ನನ್ನನ್ನು ಅವಿರೋಧವಾಗಿ ನೇಮಿಸಲಾಯಿತು. ನನ್ನ ಅರ್ಹತೆ ಇಷ್ಟೇ: ನಮ್ಮ ಮನೆಯಲ್ಲಿ ಕಾಕಾನನ್ನು ಬಿಟ್ಟರೆ ಕನ್ನಡ ಓದಲು ಬರುವವನು ನಾನೊಬ್ಬನೇ. ಉಳಿದವರೆಲ್ಲ ಮರಾಠಿ ಓದುತ್ತಾರೆ, ಅಥವಾ ಏನೂ ಓದುವುದಿಲ್ಲ.

ಬಹಳ ವರ್ಷಗಳ ಹಿಂದೆ ಅಕ್ಕಲಕೋಟದ ಬಯಲಿನಲ್ಲಿ ಭಾಷಣ ಮಾಡುತ್ತಿದ್ದ ನಾಯಕರೊಬ್ಬರನ್ನು ಗುಂಡಿಕ್ಕಿ ಕೊಂದರು. ವೇದಿಕೆಯ ಬಲಕ್ಕಿದ್ದ ಗೋದಾಮಿನ ಕಿಟಕಿಯಿಂದ ಒಬ್ಬನೇ ಹೊಡೆದನೆಂದು ವಿಚಾರಣಾ ಆಯೋಗ ಬರೆಯಿತು. ಪತ್ರಿಕೆಗಳು ಒಪ್ಪಿದವು, ಊರೂ ಒಪ್ಪಿತು. ಒಪ್ಪದವರು ಇವರಿಬ್ಬರೇ. ಸಭೆಯಲ್ಲಿ ಅಕ್ಕಪಕ್ಕ ಕೂತಿದ್ದ ಇಬ್ಬರಿಗೂ ಎರಡನೆಯ ಗುಂಡಿನ ಸದ್ದು ಬೆನ್ನ ಹಿಂದಿನಿಂದ ಕೇಳಿಸಿತ್ತು. ಅಂದಿನಿಂದ ಪೇಟೆ ಬಂದ್ ಇರುವ ದಿನವೆಲ್ಲ ಕಾಕಾ ಅಕ್ಕಲಕೋಟದ ಬಸ್ಸು ಹತ್ತುತ್ತಿದ್ದರು. ಇಬ್ಬರೂ ಸಾಕ್ಷಿ ಕಲೆಹಾಕಿ ಒಂದು ಪುಸ್ತಕ ಬರೆಯುತ್ತಿದ್ದರು. ಕೊನೆಗಾಲದಲ್ಲಿ ಮಾಸ್ತರರು ಕೇಳಿದ್ದು ಒಂದೇ, ಪುಸ್ತಕ ಅಚ್ಚಾಗಬೇಕು. ಕಾಕಾ ಹೂಂ ಅಂದಿದ್ದರು.

ಪುಸ್ತಕದ ಮೊದಲ ಅಧ್ಯಾಯ, ಹದಿನೆಂಟು ಪುಟ, ಒಂದು ಅಳತೆಯ ಮೇಲೆ ನಿಂತಿತ್ತು. ವೇದಿಕೆಯಿಂದ ಗೋದಾಮಿಗೆ ಅರವತ್ತು ಮೀಟರ್ ಎಂದು ಆಯೋಗ. ಅಂಗಡಿಯ ಕಬ್ಬಿಣದ ಮೀಟರ್ ಪಟ್ಟಿ ಒಯ್ದು ಕಾಕಾ ಅಳೆದದ್ದು ಐವತ್ತೆಂಟೂವರೆ.

"ಅಳತಿಯೊಳಗ ಸುಳ್ಳ ಹೇಳಿದಂವ ಬ್ಯಾರೆ ಏನ ಖರೆ ಹೇಳ್ಯಾನ, ತಮ್ಮಾ?" ಎಂದು ನನ್ನನ್ನು ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ.

ವಿಜಯಪುರದ ಮುದ್ರಕರಿಂದ ಪ್ರೂಫು ಬಂತು. ನಾನು ಅಂಗಡಿಯಲ್ಲೇ ಕೂತು ತಿದ್ದುತ್ತಿದ್ದೆ. ಬೋರಾಮಣಿಯಿಂದ ಬಂದಿದ್ದ ಮುದುಕಿಯೊಬ್ಬಳಿಗೆ ಕಾಕಾ ಬಟ್ಟೆ ಅಳೆಯುತ್ತಿದ್ದರು. ಪಟ್ಟಿಯ ತುದಿಗೆ ಹೆಬ್ಬೆರಳು ಇಟ್ಟು, ಅದರಾಚೆಯಿಂದ ಮುಂದಿನ ಮೀಟರ್ ಶುರು ಮಾಡುವುದು ಅಜ್ಜನ ಕಾಲದಿಂದ ನಮ್ಮ ಅಂಗಡಿಯ ಪದ್ಧತಿ. ಮೀಟರಿಗೊಂದು ಹೆಬ್ಬೆರಳಿನಗಲ ಗಿರಾಕಿಗೆ ಕೊಸರು.

"ಸಾವಕಾರ್ರ, ನಿಮ್ಮ ಹೆಬ್ಬಟ್ಟ ಸಣ್ಣದಾಗೇತಲ್ರಿ," ಎಂದಳು ಮುದುಕಿ.

"ಮುಪ್ಪ ಬಂತಬೇ. ಬಟ್ಟೂ ಒಣಗತೇತಿ."

ನಾನು ಪೆನ್ನು ಕೆಳಗಿಟ್ಟೆ. ಹೆಬ್ಬೆರಳಿಗೆ ಎರಡೂವರೆ ಸೆಂಟಿಮೀಟರ್ ಹಿಡಿದು ಪ್ರೂಫಿನ ಬೆನ್ನ ಮೇಲೆ ಐವತ್ತೆಂಟರಿಂದ ಗುಣಿಸಿದೆ. ಹೆಚ್ಚುಕಡಿಮೆ ಒಂದೂವರೆ ಮೀಟರಿಗೆ ಬಂದು ನಿಂತಿತು. ಮುದುಕಿ ಹೋಗುವತನಕ ಕಾದೆ.

"ಕಾಕಾ, ಬಯಲು ಅಳೆಯೂಮುಂದ ಹೆಬ್ಬಟ್ಟ ಎಲ್ಲಿತ್ರಿ?"

"ಕೈಯಾಗ ಇತ್ತು. ಮತ್ತೆಲ್ಲಿರತೇತಿ?" ಎಂದವರು, ಪಟ್ಟಿಯ ತುದಿಗೆ ಹೆಬ್ಬೆರಳು ಇಟ್ಟು ನೋಡಿದರು.

ಮುಂದಿನ ರಜೆಯ ದಿನ ಉದ್ದದ ಟೇಪು ಹಿಡಿದು ಹೋದೆವು. ಬಯಲಿನ ಅರ್ಧಕ್ಕೆ ಮನೆಗಳು ಬಂದಿವೆ. ಕಲ್ಲಿನ ವೇದಿಕೆ, ಗೋದಾಮು ಹಾಗೇ ಇವೆ. ಟೇಪು ಅರವತ್ತು ಎಂದಿತು. ಕಾಕಾ ಇನ್ನೊಮ್ಮೆ ಹಿಡಿಸಿದರು. ಅದು ಮಾತು ಬದಲಿಸಲಿಲ್ಲ.

ವೇದಿಕೆಯ ಅಂಚಿಗೆ ಕೂತು ಟೋಪಿ ತೆಗೆದರು. "ಸರ್ಕಾರಕ್ಕೂ ಕೊಸರ ಕೊಟ್ಟೇನ ನೋಡ ನಾ."

"ಪುಸ್ತಕ ಬಿಟ್ಟಬಿಡೂಣೇನ್ರಿ?"

"ಮಾಸ್ತರಗ ಹೂಂ ಅಂದೇನಲೋ."

ಕಾಕಾ ಬಯಲಿನಾಚೆಯ ಗೋಡೆಯ ಕಡೆ ನೋಡಿದರು. ಎರಡನೆಯ ಅಧ್ಯಾಯದಲ್ಲಿ ಒಬ್ಬ ಶೇಂಗಾ ಮಾರುವವಳಿದ್ದಳು. ಜನರ ಹಿಂದೆ, ಗೋಡೆಯ ಬುಡದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಸದ್ದು ತನ್ನ ತಲೆಯ ಮೇಲಿಂದಲೇ ಹೋಯಿತೆಂದು ಮಾಸ್ತರರ ಮುಂದೆ ಹೇಳಿದ್ದಳು. ಅವಳಿಗೆ ಬರುತ್ತಿದ್ದದ್ದು ಕನ್ನಡ ಮಾತ್ರ, ವಿಚಾರಣೆ ನಡೆದದ್ದು ಮರಾಠಿಯಲ್ಲಿ. ಆಯೋಗ ಅವಳನ್ನು ಕರೆಯಲೇ ಇಲ್ಲ.

"ಅಳತಿ ನಂದು ತಪ್ಪೇತಿ," ಎಂದರು ಕಾಕಾ. "ಆಕಿನ್ನ ಕೇಳದ ಬಿಟ್ಟದ್ದು ಸರಿ ಆಗಲಿಲ್ಲಲ್ಲ."

"ಮೊದಲ ಪುಟಕ್ಕ ಜನ ನಗತಾರ್ರಿ ಕಾಕಾ."

"ನಗಲಿ. ನಕ್ಕಾದ ಮ್ಯಾಲ ಪುಟ ತಿರುವ್ಯಾರು."

ಹದಿನೆಂಟು ಪುಟ ಹೊಡೆದುಹಾಕಿ, ಆ ಜಾಗದಲ್ಲಿ ಅವರೇ ಬರೆದರು: "ಅಂತರ ಅರವತ್ತು ಮೀಟರ್. ಆಯೋಗ ಬರೆದದ್ದು ಸರಿ. ತಪ್ಪು ನನ್ನ ಕೈಯದು." ಪುಸ್ತಕದಲ್ಲಿ ಅದಕ್ಕೆ ಮೊದಲನೆಯ ಅಧ್ಯಾಯವೆಂದೇ ಹೆಸರು. ನಮ್ಮ ಮಂಡಳಿ ಹೊರಡಿಸಿದ ಏಕೈಕ ತಿದ್ದುಪಡಿ ಅದು. ಆಯೋಗ ಒಂದನ್ನೂ ಹೊರಡಿಸಿದ್ದು ನನಗೆ ಗೊತ್ತಿಲ್ಲ.

ಅಚ್ಚಿಗೆ ಕಳಿಸುವ ಮುಂಚೆ ಇನ್ನೊಮ್ಮೆ ಅಕ್ಕಲಕೋಟಕ್ಕೆ ಹೋದೆವು. ಶೇಂಗಾದವಳು ಕೂತಿದ್ದ ಗೋಡೆಯಿಂದ ವೇದಿಕೆಗೆ ಎಷ್ಟು ದೂರ ಎಂದು ಅಳೆಯಬೇಕಿತ್ತು. ಕಾಕಾ ಟೇಪನ್ನು ನನಗೆ ಕೊಟ್ಟು, ತಮ್ಮ ಎರಡೂ ಕೈಗಳನ್ನು ಕಿಸೆಯೊಳಗೆ ಇಟ್ಟುಕೊಂಡರು.