ರಾಜಕುಮಾರನ ಕಾಗದದಲ್ಲಿ ಇದ್ದದ್ದು

ಹನುಮಂತಪ್ಪನವರೇ, ನಾಲ್ಕು ವರ್ಷದ ಹಿಂದೆ ಆ ಕಾಗದದಲ್ಲಿ ಬರೀ ಕುಶಲ ಸಮಾಚಾರವಿದೆ ಎಂದು ನಾನು ಹೇಳಿದ್ದು ಸುಳ್ಳು. ಓದಿಸಿಕೊಂಡು, ಪೂರ್ತಿ ತಿಳಿದುಕೊಂಡು ಹೇಳಿದ ಸುಳ್ಳು.

ನೀವು ಹದಿನೆಂಟು ವರ್ಷ ಅರಬ್ ದೇಶದ ಒಬ್ಬ ರಾಜಕುಮಾರನಿಗೆ ಡ್ರೈವರ್ ಆಗಿದ್ದವರು. ಆತ ಮೊದಲು ಸೈನ್ಯದಲ್ಲಿ ಅಧಿಕಾರಿ, ಆಮೇಲೆ ನೀರಾವರಿ ಮಂತ್ರಿ. ಊರಿಗೆ ಮರಳಿ ನಮ್ಮ ಅಪ್ಪನ ಅಡಿಕೆ ಮಂಡಿಯ ಗಾಡಿ ಓಡಿಸತೊಡಗಿದ ಮೇಲೂ ನಿಮ್ಮ ಬಾಯಲ್ಲಿ ಆತನದೇ ಬದುಕು — ದಂಡಿನಲ್ಲಿ ಸಿಪಾಯಿಗಳ ಸಾಲಿನಲ್ಲೇ ನಿಂತು ನೀರು ಹಿಡಿಯುತ್ತಿದ್ದದ್ದು, ಮಂತ್ರಿಯಾದ ಮೇಲೆ ಮರಳಿನಲ್ಲಿ ನಿಮ್ಮಿಂದ ಸೂಳೆಕೆರೆಯ ಏರಿ ಬರೆಸಿ ನೋಡಿದ್ದು, ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ತಟ್ಟೆಯಲ್ಲಿ ಉಂಡದ್ದು.

ಚನ್ನಗಿರಿಯ ಚಹಾದಂಗಡಿಯಲ್ಲಿ ನಗುತ್ತಿದ್ದರು. "ಏನ್ ಮಂತ್ರಿಗಳೇ, ರಾಜಕುಮಾರ ಫೋನ್ ಮಾಡಿದ್ನಾ?"

"ಮಾಡಿದ್ದ. ನಿನಗೊಂದು ಒಂಟೆ ಕಳಿಸ್ತಾನಂತೆ, ಕಟ್ಟಾಕೆ ಜಾಗ ಐತೇನು ಅಂತ ಕೇಳಿದ" ಎಂದು ನೀವೂ ನಗುತ್ತಿದ್ದಿರಿ.

ನಾನು ನಗಲಿಲ್ಲ. ಬರೆದುಕೊಂಡೆ. ಹೊರದೇಶದಿಂದ ಮರಳಿದವರು ಮರ್ಯಾದೆಗಾಗಿ ಕಟ್ಟಿಕೊಳ್ಳುವ ಕಥೆಗಳಿಗೆ ಉದಾಹರಣೆ ಎಂದು ನಿಮ್ಮನ್ನು ಎಂ.ಎ. ಪ್ರಬಂಧದಲ್ಲಿ ಸೇರಿಸಿದೆ. ವಿಭಾಗದಲ್ಲಿ ಎಲ್ಲರೂ ಮೆಚ್ಚಿದ್ದು ಆ ಅಧ್ಯಾಯವನ್ನೇ.

ಅದೇ ವಾರ ನೀವು ಕಾಗದ ತಂದಿರಿ. ಕೆಲಸ ಬಿಟ್ಟು ಬರುವಾಗ ಆತ ಕೈಯಾರೆ ಬರೆದುಕೊಟ್ಟದ್ದು. ಅರಬ್ಬಿ ಮಾತು ನಿಮಗೆ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ.

"ಬೇರೆ ಯಾರು ಓದಿದ್ರೂ ಊರು ನಂಬಲ್ಲ ತಾಯಿ. ನಿಮ್ಮನೆ ಮಾತು ನಂಬ್ತಾರೆ. ಓದಿಸ್ಕೊಂಡು ಬಂದು ಅಂಗಡಿ ಮುಂದೆನೇ ಹೇಳ್ರಿ. ನಾನು ಸುಳ್ಳಾದ್ರೆ ಸುಳ್ಳು ಅಂತಾನೇ ಹೇಳ್ರಿ."

ದಾವಣಗೆರೆಯಲ್ಲಿ ಅರಬ್ಬಿ ಕಲಿಸುವ ಹಿರಿಯರೊಬ್ಬರು ಅದನ್ನು ಓದಿ ಹೇಳಿದರು. 'ನೀನು ಮರಳಿನಲ್ಲಿ ಬರೆದ ಕೆರೆಯ ವಿಷಯ ಮಂತ್ರಿಮಂಡಲದಲ್ಲಿ ಹೇಳಿದೆ. ದಂಡಿನಲ್ಲಿ ಕಲಿತದ್ದನ್ನು ಅರಮನೆಯಲ್ಲಿ ಮರೆಯದಂತೆ ನನ್ನನ್ನು ಕಾಪಾಡಿದ್ದು ನಿನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡ ಊಟ.' ಅವರು ಕನ್ನಡಕ ತೆಗೆದು, "ಯಾರಿಗೆ ಬರೆದಿದ್ದಮ್ಮಾ ಇದು? ಭಾಗ್ಯವಂತ್ರು" ಎಂದರು.

ಅಂಗಡಿಯ ಮುಂದೆ ಹತ್ತು ಜನರಿದ್ದರು. ನೀವು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದಿರಿ.

"ಕುಶಲ ಕೇಳಿ ಬರೆದಾರೆ, ಅಷ್ಟೆ" ಎಂದೆ.

"ಅಷ್ಟೇನಾ ತಾಯಿ?"

"ಅಷ್ಟೇ."

"ಮಂತ್ರಿಗಿರಿ ಹೋತಲ್ಲಪ್ಪೋ!" ಎಂದು ಯಾರೋ ಕೂಗಿದರು. ನೀವು ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಮಡಚಿ, ಅಂಗಿಯ ಜೇಬಿಗೆ ಇಟ್ಟುಕೊಂಡಿರಿ. ಆಮೇಲೆ ರಾಜಕುಮಾರನ ಸುದ್ದಿಯನ್ನು ನಿಮ್ಮ ಬಾಯಲ್ಲಿ ಯಾರೂ ಕೇಳಿಲ್ಲ.

ಪ್ರಬಂಧ ಉಳಿಸಿಕೊಳ್ಳಲು ಹಾಗೆ ಹೇಳಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದೂ ಪೂರ್ತಿ ನಿಜವಲ್ಲ. ಒಂದೇ ತಟ್ಟೆ ಎಂದು ನೀವು ಮೊದಲ ಸಲ ಅಂದಾಗಲೇ ನಾನು ನಂಬುವುದನ್ನು ನಿಲ್ಲಿಸಿದ್ದೆ — ನಮ್ಮ ಹಿತ್ತಲ ಗೋಡೆಯ ಮೇಲೆ ನಿಮಗೆಂದೇ ಬೇರೆ ತಟ್ಟೆ, ಬೇರೆ ಲೋಟ ಇದ್ದವು. ಉಂಡು ನೀವೇ ತೊಳೆದಿಡುತ್ತಿದ್ದಿರಿ. ನಾವು ದೂರವಿಟ್ಟ ಕೈಯ ಜೊತೆ ಅರಸುಮಗ ಉಂಡನೆಂದರೆ, ಹಾಗಾದರೆ ನಾವು — ಆ ಮಾತನ್ನು ಪೂರ್ತಿ ಮಾಡಲು ಇಂದಿಗೂ ಆಗುತ್ತಿಲ್ಲ.

ಆ ಅಧ್ಯಾಯ ತಪ್ಪೆಂದು ವಿಭಾಗಕ್ಕೆ ಬರೆದು ಕಳಿಸಿದ್ದೇನೆ. ಭಾನುವಾರ ಬೆಳಿಗ್ಗೆ ಚಹಾದಂಗಡಿಗೆ ಬರುತ್ತೇನೆ. ಹಿರಿಯರು ಹೇಳಿದ್ದನ್ನು ಅಂದೇ ಕನ್ನಡದಲ್ಲಿ ಬರೆದಿಟ್ಟಿದ್ದೆ, ಅದನ್ನು ಓದುತ್ತೇನೆ. ಸುಳ್ಳು ಹೇಳಿದ್ದು ಯಾರೆಂದೂ ಹೇಳುತ್ತೇನೆ. ನೀವು ಬರಲೇಬೇಕೆಂದಿಲ್ಲ, ಕ್ಷಮಿಸಲೇಬೇಕೆಂದೂ ಇಲ್ಲ. ಅಪ್ಪ ಅಲ್ಲಿರುತ್ತಾರೆ. ಆದರೂ ತಟ್ಟೆಯ ಮಾತು ಬಂದಾಗ ನಾನು ದನಿ ತಗ್ಗಿಸುವುದಿಲ್ಲ.