ಚಾವಣಿ ಹಾಕಬಾರದ ಮನೆ

ಪೆಸಿಫಿಕ್ ಸಾಗರದ ಟೊಂಗೊವಾ ದ್ವೀಪದ ಕಾಲ್ತಪಾಂಗ್ ಗೆಣಸು ಬೆಳೆದು, ಮೀನು ಹಿಡಿದು, ಯಾರ ಕಣ್ಣಿಗೂ ಬೀಳದೆ ಬದುಕಿದವನು. ಅವನನ್ನು ಲೋಕಪ್ರಸಿದ್ಧನನ್ನಾಗಿ ಮಾಡಿದ್ದು ಒಂದು ಚಂಡಮಾರುತ ಮತ್ತು ಒಂದು ಹಲ್ಲುನೋವು.

ಬಿರುಗಾಳಿ ಊರಿನ ತೋಟಗಳನ್ನು ನೆಲಸಮ ಮಾಡಿ, ಮನೆಗಳ ಚಾವಣಿ ಕಿತ್ತೊಯ್ದಿತ್ತು. ದೋಣಿ ಉಳಿಸಿಕೊಳ್ಳಲು ದಡಕ್ಕೆ ಓಡಿದ ಅವನ ತಮ್ಮ ಕಾಲ್ಮೆಟ್ ಮರಳಲಿಲ್ಲ. ಹುಡುಕಿ ಸೋತ ಕಾಲ್ತಪಾಂಗ್, ಹಲ್ಲುನೋವಿಗೆ ಕೆನ್ನೆ ಹಿಡಿದುಕೊಂಡು ಚಾವಣಿಯಿಲ್ಲದ ಮನೆಯ ಹೊಸ್ತಿಲ ಮೇಲೆ ಕುಳಿತಿದ್ದಾಗ ಪರಿಹಾರದ ಹಡಗಿನವನೊಬ್ಬ ಫೋಟೋ ತೆಗೆದ. ಅದು ದೇಶದೇಶದ ಪತ್ರಿಕೆಗಳಲ್ಲಿ ಬಂತು.

ಆಮೇಲೆ ಬಂದ ಹಡಗಿನವರೆಲ್ಲ ಮೊದಲು ಕೇಳುತ್ತಿದ್ದದ್ದು ಆ ಮನೆಯನ್ನೇ. ಬರುವಾಗ ಉಣ್ಣೆಯ ಕೋಟುಗಳನ್ನು ತರುತ್ತಿದ್ದರು. ಜನ ಬೆವರು ಒರೆಸಿಕೊಳ್ಳುತ್ತ ಅವನ್ನು ದಿಂಬಿಗೆ ತುಂಬಿಕೊಂಡರು.

ಒಂದು ದಿನ ಕಾಲ್ತಪಾಂಗ್ ಚಾವಣಿಗೆಂದು ತೆಂಗಿನ ಗರಿ ಹೊತ್ತು ತಂದ. ಊರಿನ ಮುಖ್ಯಸ್ಥ ತಸರೂರು ಅಡ್ಡ ನಿಂತ.

"ಅದನ್ನ ಕೆಳಗಿಡಪ್ಪ."

"ಮಳೆ ಬರ್ತಿದೆ, ಯಜಮಾನ್ರೆ."

"ಬರ್ಲಿ ಬಿಡು. ನಾಳೆ ಬರೋ ಹಡಗಿನವ್ರು ಶಾಲೆಗೆ ತಗಡು ಕೊಡ್ತಾರಂತೆ. ನೀನು ಚಾವಣಿ ಹಾಕ್ಬಿಟ್ರೆ ಅವ್ರು ನೋಡೋದೇನನ್ನ?"

ಶಾಲೆಗೆ ತಗಡು ಬಂತು, ಚರ್ಚಿಗೂ ಬಂತು. ಕಾಲ್ತಪಾಂಗನ ಮನೆಯೊಳಗೆ ಮಾತ್ರ ಮಳೆ ಬಂತು. ಹೆಂಡತಿ ಲೀಪಕೋವಾ ಚಾಪೆ ಸುತ್ತಿಕೊಂಡಳು.

"ಪ್ರಸಿದ್ಧರು ನೀವೊಬ್ರೇ ನೆನೀತಾ ಕೂತಿರಿ. ನಾನು ಅಕ್ಕನ ಮನೇಲಿರ್ತೀನಿ."

ಮುಂದಿನ ಹಡಗಿನಲ್ಲಿ ಕ್ಯಾಮೆರಾ ಹಿಡಿದ ಹೆಂಗಸೊಬ್ಬಳು ಬಂದಳು. ಬಹಳ ಮೃದುವಾಗಿ ಕೇಳಿದಳು:

"ನೀವೇನು ಕಳ್ಕೊಂಡ್ರಿ?"

ಇಷ್ಟು ಜನ ಬಂದು ಹೋದರೂ ಹಾಗೆ ಕೇಳಿದವಳು ಇವಳೇ ಮೊದಲು. "ತಮ್ಮನ್ನ," ಎಂದ.

"ಅಯ್ಯೋ ಪಾಪ. ಅವರ ಫೋಟೋ ಇದೆಯಾ?"

"ಇಲ್ಲಮ್ಮ. ಯಾರೂ ತೆಗ್ದಿರ್ಲಿಲ್ಲ."

"ಹೋಗ್ಲಿ ಬಿಡಿ. ಹೊಸ್ತಿಲ ಮೇಲೆ ಕೂತ್ಕೊಳ್ಳಿ. ಕೆನ್ನೆ ಮೇಲೆ ಕೈ ಇರ್ಲಿ, ಆವತ್ತಿನ ಹಾಗೆ."

ನೋಯುತ್ತಿದ್ದ ಹಲ್ಲನ್ನು ಹಡಗಿನ ವೈದ್ಯರು ಕಿತ್ತು ತಿಂಗಳಾಗಿತ್ತು. ಆದರೂ ಕಾಲ್ತಪಾಂಗ್ ಕೈ ಇಟ್ಟುಕೊಂಡ. ಎದುರಿಗೆ ಸಮುದ್ರ ಕಾಣುತ್ತಿತ್ತು. ಅಷ್ಟು ದಿನ ಬಾರದ ಅಳು ಒತ್ತರಿಸಿಕೊಂಡು ಬಂತು. ಮೂಗು ಸೋರಿಸಿಕೊಂಡು, ಬಾಯಿ ಸೊಟ್ಟಗೆ ಮಾಡಿಕೊಂಡು ಅತ್ತ.

ಹೆಂಗಸು ಕ್ಯಾಮೆರಾ ಇಳಿಸಿದಳು. "ಸ್ವಲ್ಪ ಜಾಸ್ತಿ ಆಯ್ತು. ಮುಖ ಒರೆಸ್ಕೊಂಡು ಮತ್ತೆ ಕೂತ್ಕೊಳ್ತೀರಾ?"

ಕಾಲ್ತಪಾಂಗ್ ಎದ್ದ. ಮುಖ ಒರೆಸಿಕೊಳ್ಳಲಿಲ್ಲ. ಗರಿಯ ಹೊರೆ ಎಳೆದು ತಂದು, ಗೋಡೆ ಹತ್ತಿ ಕಟ್ಟತೊಡಗಿದ. ಮುಖ್ಯಸ್ಥ ಕೂಗುತ್ತ ಓಡಿಬಂದವನು ಮೇಲಿದ್ದವನ ಮುಖ ನೋಡಿದ. ಬಗ್ಗಿ, ಒಂದೊಂದೇ ಗರಿ ಎತ್ತಿಕೊಟ್ಟ. ಆಮೇಲೆ ಪಕ್ಕದ ಮನೆಯವರು ಬಂದರು. ಸಂಜೆಗೆ ಲೀಪಕೋವಾ ಎಲೆಯಲ್ಲಿ ಸುಟ್ಟ ಗೆಣಸಿನ ಕಡುಬು ತಂದಳು.

"ಇಳೀರಿ, ಉಣ್ಣಿ. ಮಿಕ್ಕಿದ್ದು ನಾಳೆ."

ಅವಳು ಚಾಪೆಯನ್ನೂ ತಂದಿದ್ದಳು.

ಮುಂದಿನ ಹಡಗಿನವರು ಮನೆ ನೋಡಿ ಪೆಚ್ಚಾದರು. ಬೇರೆ ದಾರಿಯಿಲ್ಲದೆ ಮುಖ್ಯಸ್ಥ ಅವರನ್ನು ತನ್ನ ಮುರಿದ ಹಂದಿಗೂಡಿನ ಹತ್ತಿರ ಕರೆದೊಯ್ದ. ಅದರ ಮುಂದೆ ಯಾರನ್ನಾದರೂ ಕೂರಿಸಿ ಎಂದರು. ಯಾರೂ ಒಪ್ಪಲಿಲ್ಲ. ಕೊನೆಗೆ ಊರಿನ ಆಸ್ಪತ್ರೆಗೆ ಬೇಕಿದ್ದ ತಗಡಿಗಾಗಿ ಮುಖ್ಯಸ್ಥ ತಾನೇ ಕುಳಿತ.