ಮಾದೇವಕ್ಕನ ಪಾಲಿನ ಸಾಲು

ಬೇಸಿಗೆ ಬಂತೆಂದರೆ ಕುಮಟೆಯ ಹೆದ್ದಾರಿ ಬದಿಯಲ್ಲಿ ಈರುಳ್ಳಿ ತೂಗುತ್ತದೆ, ನೀವೂ ನೋಡಿರುತ್ತೀರಿ. ಸೊಪ್ಪಿನ ಸಮೇತ ಜಡೆ ಹೆಣೆದ ಸಿಹಿ ಈರುಳ್ಳಿ. ಮೊನ್ನೆ ಎರಡು ಗೊಂಚಲು ತಂದು ಜಗುಲಿಯ ಜಂತಿಗೆ ಕಟ್ಟುತ್ತಿದ್ದೆ. ಒಣಗಿದ ಸೊಪ್ಪಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತಿತು. ನನ್ನ ಮಗಳು ಗೌರಿ ಬಾಯಿ ಬಿಟ್ಟದ್ದು ಈ ವಾಸನೆಯ ನಡುವೆ.

ಅದಕ್ಕೂ ಮೊದಲು ಬಾಯಿ ಬಿಡದೆ ನಮ್ಮ ಜೀವ ತಿಂದಿದ್ದಳು. ಮೂರು ವರ್ಷ ಹತ್ತಿರ ಬಂದರೂ ಒಂದು 'ಅಮ್ಮ' ಇಲ್ಲ. ಚೊಂಬು ತಾ ಎಂದರೆ ತರುತ್ತಿದ್ದಳು, ಮಾತು ಮಾತ್ರ ಊಹೂಂ. ನಮ್ಮದು ಕನ್ನಡ, ಪಕ್ಕದ ಮನೆಯವರದು ಕೊಂಕಣಿ, ಎರಡೂ ಕೇಳಿ ಮಗುವಿಗೆ ಗೊಂದಲವಾಗಿದೆ ಎಂದರು ಯಾರೋ. ಈ ಊರಿನ ಮಕ್ಕಳೆಲ್ಲ ಎರಡೆರಡು ಭಾಷೆಯಲ್ಲಿ ಜಗಳವಾಡುವುದನ್ನು ಕಂಡೂ ನಾನದನ್ನು ನಂಬಿ, ಆ ಕಡೆಯ ಕಿಟಕಿ ಮುಚ್ಚಿಟ್ಟೆ. ಅಷ್ಟು ಹೆದರಿದ್ದೆ. ಇವಳು ಮಾತೇ ಆಡದಿದ್ದರೆ?

ಹೊನ್ನಾವರದ ಡಾಕ್ಟರು ಕಿವಿ ಪರೀಕ್ಷಿಸಿ, ಸರಿಯಿದೆ ಎಂದರು. ಆಮೇಲೆ ಮಗುವಿನತ್ತ ಬಾಗಿ, "ನಿನ್ನ ಹೆಸರೆಂತ ಪುಟ್ಟಿ?" ಎಂದರು.

"ಗೌರಿ," ಎಂದೆ ನಾನು.

"ಊಟ ಆತಾ?"

"ಗಂಜಿ ಉಂಡಿದ್ದಾಳೆ," ಎಂದೆ.

ಡಾಕ್ಟರು ಕನ್ನಡಕ ತೆಗೆದರು. "ನಾ ಕೇಳಿದ್ದು ನಿಮ್ಮ ಹತ್ರ ಅಲ್ಲ ಅಮ್ಮ."

ನಾನೆಂಥ ಮಾತಿನ ಮಲ್ಲಿ ಎಂಬುದು ನಿಮಗೆ ಇಷ್ಟರಲ್ಲೇ ಗೊತ್ತಾಗಿರಬೇಕು. "ಅದೆಂತ ಹೇಳು? ಕಾಗೆ. ಕಾಗೆ ಅನ್ನು," ಎಂದು ಪ್ರಶ್ನೆ, ಉತ್ತರ ಎರಡನ್ನೂ ನಾನೇ ಮುಗಿಸಿ, ಆ ಗಲಾಟೆಗೆ ಕಾಗೆಯನ್ನೂ ಹಾರಿಸುತ್ತಿದ್ದೆ.

ನನ್ನ ಅತ್ತೆ ತದ್ವಿರುದ್ಧ. ಮಾತು ಕಡಿಮೆ, ಹಾಡು ಹೆಚ್ಚು. ಬಾಡ ಎಂಬ ಊರಿನ ನಮ್ಮ ಅಂಗಳದಲ್ಲಿ ಈರುಳ್ಳಿ ಹೆಣೆಯುವಾಗ ಅವರು ಒಂದು ಸಾಲು ಎತ್ತಿಕೊಟ್ಟರೆ, ಅವರ ಜೊತೆಗಾತಿ ಮಾದೇವಕ್ಕ ಎದುರು ಕೂತು ಮರುಸಾಲು ಹಾಡುತ್ತಿದ್ದರು. ಗೌರಿ ಹುಟ್ಟುವ ಮೊದಲೇ ಮಾದೇವಕ್ಕ ತೀರಿಕೊಂಡರು. ಅತ್ತೆ ಹಾಡು ಬಿಡಲಿಲ್ಲ. ಆದರೆ ತಮ್ಮ ಸಾಲು ಮುಗಿಸಿ, ಮಾದೇವಕ್ಕನ ಸಾಲಿನಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮುಂದಕ್ಕೆ ಹೋಗುತ್ತಿದ್ದರು.

"ಅದನ್ನೂ ನೀವೇ ಹಾಡಿ ಮುಗಿಸಿ," ಎಂದಿದ್ದೆ ಒಮ್ಮೆ.

"ಅದು ಅವಳ ಪಾಲಿಂದು. ನಾ ಎಂತಕ್ಕೆ ಹೇಳೂದು?"

 

ಗೌರಿ ಬಾಯಿ ಬಿಟ್ಟ ಆ ಮಧ್ಯಾಹ್ನ ಅವಳು ಮಾದೇವಕ್ಕ ಕೂರುತ್ತಿದ್ದ ಜಾಗದಲ್ಲಿ ಈರುಳ್ಳಿ ಉರುಳಿಸುತ್ತ ಕೂತಿದ್ದಳು. ಅತ್ತೆ ಎತ್ತಿದರು: "ಗದ್ದೆಯ ಅಂಚಿಗೆ ನಿಂತೋಳು ಯಾರೆ?" ಎಂದಿನಂತೆ ಸುಮ್ಮನಾದರು. ಕೈ ಹೆಣೆಯುತ್ತಲೇ ಇತ್ತು.

"ನಾನೆ," ಎಂದಳು ಗೌರಿ.

ಮಾದೇವಕ್ಕನ ಸಾಲು "ನಾನೆ ಅಕ್ಕಾ, ನಾನೆ" ಎಂದಿತ್ತು. ಗೌರಿ ಹುಟ್ಟಿದ ಮೇಲೆ ಅದನ್ನು ಮನೆಯಲ್ಲಿ ಯಾರೂ ಹಾಡಿರಲಿಲ್ಲ. ಯಾರೆ ಎಂದು ಅಜ್ಜಿ ಕೇಳಿದರು, ಉತ್ತರಕ್ಕೆ ಕಾದರು, ಮಗು ಉತ್ತರ ಕೊಟ್ಟಿತು, ಅಷ್ಟೆ. ನಾನು ಒಳಗಿಂದ ಓಡಿಬಂದು ಬೊಬ್ಬೆ ಹಾಕುವವಳಿದ್ದೆ. ಅತ್ತೆ ಕೈಯೆತ್ತಿ ತಡೆದರು. ಅವರ ಕಣ್ಣು ತುಂಬಿತ್ತು.

"ಮಾದೇವಿನೂ ಇದೇ ಹೇಳ್ತಿತ್ತು. ನೀ ಸ್ವಲ್ಪ ಸುಮ್ನಿರು ಮಾರಾಯ್ತಿ," ಎಂದು ಅದೇ ಸಾಲನ್ನು ಮತ್ತೆ ಎತ್ತಿದರು.

ಪಕ್ಕದ ಮನೆಯ ಕಡೆಗಿನ ಆ ಕಿಟಕಿಯನ್ನು ಅಂದೇ ತೆರೆದೆ. ಈಗ ಗೌರಿ ಮೂರನೇ ಕ್ಲಾಸು. ಪಾಠದ ನಡುವೆ ಮಾತಾಡುತ್ತಾಳೆಂದು ಟೀಚರು ದೂರುತ್ತಾರೆ, ಕೇಳಿ ಹೊಟ್ಟೆ ತಣ್ಣಗಾಗುತ್ತದೆ.

ಮೊನ್ನೆ ನಾನು ಗೊಂಚಲು ಹಿಡಿದು ನಿಂತಿದ್ದಾಗ ಅವಳು ಕೆಳಗೆ ಕೂತು, ಪಕ್ಕದ ಮನೆಯ ಎಳೆಗೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. "ಗದ್ದೆಯ ಅಂಚಿಗೆ ನಿಂತೋಳು ಯಾರೆ?" ಎಂದು ಹಾಡಿ ಸುಮ್ಮನಾದಳು. ಕೂಸು ಅವಳ ತುಟಿಯನ್ನೇ ನೋಡುತ್ತಿತ್ತು. ಮರುಸಾಲು ನನ್ನ ನಾಲಗೆಯ ತುದಿಗೆ ಬಂದೇಬಿಟ್ಟಿತು.

"ಅಮ್ಮಾ, ನೀ ಹೇಳಬೇಡ," ಎಂದಳು ಗೌರಿ, ತಿರುಗಿಯೂ ನೋಡದೆ. "ಅದು ಇದರ ಪಾಲಿಂದು."

ನಾನು ಗೊಂಚಲು ಹಿಡಿದುಕೊಂಡೇ, ಬಾಯಿ ಮುಚ್ಚಿ ಕಾದೆ.